ದಪ್ತರದ ಕೀಲಿಕೈ

ನಮ್ಮ ಧಾರವಾಡ ಸೀಮೆಯಲ್ಲಿ ಹೊಲದ ಕಾಗದಕ್ಕೆ ಪಹಣಿ ಅನ್ನುವವರು ಕಡಿಮೆ. ಉತಾರ ಅನ್ನುತ್ತಾರೆ. ನವಲಗುಂದದ ಬಸ್ ಸ್ಟ್ಯಾಂಡಿನಲ್ಲಿ ಕೈಚೀಲ ಹಿಡಿದು ನಿಂತ ರೈತನನ್ನು ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ "ಉತಾರ ತೆಗಸಾಕ" ಅನ್ನುತ್ತಾನೆ. ಮರಾಠಿಯಿಂದ ಬಂದ ಶಬ್ದ ಇದು. ದೊಡ್ಡ ಪುಸ್ತಕವೊಂದರಲ್ಲಿ ಇದ್ದದ್ದನ್ನು ನೋಡಿ ಇಳಿಸಿಕೊಂಡ ನಕಲು ಎಂಬುದು ಅದರ ಅರ್ಥ. ಅಂದರೆ ನಮ್ಮ ಕೈಗೆ ಬರುವುದು ಯಾವತ್ತಿದ್ದರೂ ನಕಲು. ಮೂಲ ಪುಸ್ತಕ ಬೇರೆಲ್ಲೋ ಇದೆ, ಬೇರೆ ಯಾರದೋ ಸುಪರ್ದಿನಲ್ಲಿ ಇದೆ.

ಆ ಪುಸ್ತಕವನ್ನು ನೋಡುವ ಅಧಿಕಾರ ಯಾರಿಗೆ, ಅದರಲ್ಲಿ ಬರೆಯುವ ಅಧಿಕಾರ ಯಾರಿಗೆ, ಬರೆದದ್ದನ್ನು ತಿದ್ದಿದರೆ ಅದರ ಗುರುತು ಉಳಿಯುತ್ತದೆಯೇ ಇಲ್ಲವೇ, ಈ ಮೂರು ಪ್ರಶ್ನೆಗಳ ಮೇಲೆ ನಮ್ಮ ಊರುಗಳ ಎಷ್ಟೋ ಜಗಳ, ಎಷ್ಟೋ ಕಣ್ಣೀರು ನಿಂತಿವೆ. ಕಂಪ್ಯೂಟರಿನವರು ಈಗ ಇದಕ್ಕೆ ಆಕ್ಸೆಸ್ ಕಂಟ್ರೋಲ್ ಎಂದು ಹೆಸರಿಟ್ಟಿದ್ದಾರೆ. ಹೊಸದಾಗಿ ಕಂಡುಹಿಡಿದ ವಿದ್ಯೆ ಎಂಬಂತೆ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಅತ್ತೆಯ ಸೊಂಟದಲ್ಲಿ ಕೀಲಿಕೈ ಗೊಂಚಲು ತೂಗುತ್ತಿದ್ದ ಮನೆಗಳಲ್ಲಿ ಬೆಳೆದ ನಮಗೆ ಅದು ಅಷ್ಟು ಹೊಸದೇನಲ್ಲ. ಹಿರಿಸೊಸೆ ಉಗ್ರಾಣದ ಒಳಗೆ ಹೋಗಬಹುದು, ಕಿರಿಸೊಸೆ ಬಾಗಿಲಲ್ಲಿ ನಿಂತು ಪಾವು ಸೇರು ತುಂಬಿಸಿಕೊಳ್ಳಬಹುದು, ಹಗೇವು ತೆಗೆಸುವುದಾದರೆ ಮಾವನೇ ಬಂದು ನಿಲ್ಲಬೇಕು. ನವಲಗುಂದದ ಜಮಖಾನೆ ನೇಯುವ ಮನೆಗಳಲ್ಲಂತೂ ನೇಯ್ಗೆಯ ಗುಟ್ಟನ್ನು ಸೊಸೆಗೆ ಕಲಿಸುತ್ತಿದ್ದರಂತೆ, ಮಗಳಿಗೆ ಕಲಿಸುತ್ತಿರಲಿಲ್ಲವಂತೆ. ಮಗಳು ಲಗ್ನವಾಗಿ ಪರ ಊರಿಗೆ ಹೋದರೆ ವಿದ್ಯೆಯೂ ಅವಳ ಜೊತೆ ಹೋದೀತು ಎಂಬ ಅಂಜಿಕೆ. ಆ ಜಮಖಾನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗುಟ್ಟು ಕಾಯ್ದುಕೊಂಡ ಮನೆಗಳು ಮಾತ್ರ ಕೈಬೆರಳಲ್ಲಿ ಎಣಿಸುವಷ್ಟಾದವು.

ಹೊಲದ ಪುಸ್ತಕದ ಮಾತಿಗೆ ಬರುತ್ತೇನೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಹೋದವರು ಅಲ್ಲಿಯ ಶಾಸನಗಳನ್ನು ನೋಡಿರುತ್ತೀರಿ. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಅವರನ್ನು ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ. ಚಾಲುಕ್ಯರ ಕಾಲದ ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದೇನು? ಇಂಥ ದೇವರಿಗೆ ಇಷ್ಟು ಮತ್ತರು ಭೂಮಿ ಬಿಟ್ಟೆವು, ಅದರ ಮೂಡಣ ಎಲ್ಲೆ ಇದು, ಪಡುವಣ ಎಲ್ಲೆ ಇದು ಎಂಬ ವಿವರ. ಅಂದರೆ ಅದೂ ಒಂದು ಉತಾರವೇ. ಮೇಲೆ ಸೂರ್ಯ ಚಂದ್ರ, ಕರುವಿಗೆ ಹಾಲೂಡುವ ಆಕಳು. ಕೊನೆಗೆ ಈ ಧರ್ಮವನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಗೋಹತ್ಯೆ ಮಾಡಿದ ಪಾಪ ತಟ್ಟಲಿ ಎಂಬ ಶಾಪ. ನೋಡುವ ಅಧಿಕಾರ ದಾರಿಹೋಕನಿಗೂ ಉಂಟು. ತಿದ್ದುವ ಅಧಿಕಾರ ಯಾರಿಗೂ ಇಲ್ಲ. ತಿದ್ದಿದರೆ ಉಳಿಯ ಗಾಯ ಕಲ್ಲಿನ ಮೇಲೆ ಎಲ್ಲರಿಗೂ ಕಾಣುತ್ತದೆ. ಕೀಲಿಯ ಬದಲಿಗೆ ಶಾಪ. ನಗಬೇಡಿ, ಎಂಟುನೂರು ಒಂಬೈನೂರು ವರ್ಷ ಅದು ನಿಂತಿದೆ.

ಕಲ್ಲಿನಿಂದ ಕಾಗದಕ್ಕೆ ಬಂದಾಗ ಈ ಬಯಲು ಗುಣ ಹೋಯಿತು. ಪೇಶ್ವೆಯರ ಕಾಲಕ್ಕೂ ಅದರ ಹಿಂದಿನಿಂದಲೂ ಊರಿನ ಲೆಕ್ಕ ಕುಲಕರ್ಣಿಯ ಮನೆಯಲ್ಲಿ ಇರುತ್ತಿತ್ತು. ಗೌಡನದು ದರ್ಪ, ಕುಲಕರ್ಣಿಯದು ಲೆಕ್ಕಣಿಕೆ. ಎರಡೂ ವತನ, ಅಪ್ಪನಿಂದ ಮಗನಿಗೆ ಬರುವಂಥವು. ಕೆಂಪು ಅರಿವೆಯಲ್ಲಿ ಸುತ್ತಿದ ದಪ್ತರ ಅವರ ಪಡಸಾಲೆಯ ಗೂಡಿನಲ್ಲಿ, ಇಲ್ಲವೆ ಸಂದೂಕದಲ್ಲಿ. ಅದನ್ನು ಬಿಚ್ಚಿದರೂ ನಮ್ಮ ಹಿರಿಯರಿಗೆ ತಿಳಿಯುತ್ತಿರಲಿಲ್ಲ, ಏಕೆಂದರೆ ಬರವಣಿಗೆ ಬಹಳ ಕಡೆ ಮೋಡಿಯಲ್ಲಿ. ಅಕ್ಷರ ಒಂದಕ್ಕೊಂದು ಹೆಣೆದುಕೊಂಡು ಓಡುವ ಆ ಲಿಪಿ ಸಂದೂಕದ ಕೀಲಿಗಿಂತ ಗಟ್ಟಿಯಾದ ಕೀಲಿ. ಓದಲು ಬಾರದವನಿಗೆ ತೆರೆದ ಪುಸ್ತಕವೂ ಮುಚ್ಚಿದ್ದೇ. ಹೆಂಗಸರ ಮಾತಂತೂ ಕೇಳಲೇಬೇಡಿ. ದಪ್ತರವಿದ್ದ ಮನೆಯ ಹೆಂಗಸರೇ ಅದನ್ನು ದಸರೆಯ ಪೂಜೆಗೆ ಮುಟ್ಟಿದ್ದು ಬಿಟ್ಟರೆ ಬಿಚ್ಚಿ ನೋಡಿರಲಿಕ್ಕಿಲ್ಲ.

ಇಂಗ್ಲಿಷರು ಬಂದ ಮೇಲೆ ಮೊದಲು ಮಾಡಿದ್ದು ಅಳತೆ. ವಿಂಗೇಟ್ ಎಂಬ ಅಧಿಕಾರಿ 1840ರ ದಶಕದಲ್ಲಿ ಧಾರವಾಡ ಸೀಮೆಯ ಹೊಲಗಳನ್ನು ಅಳೆಯಿಸಿದ. ಸರ್ವೆ ನಂಬರು, ಬಾಂದುಗಲ್ಲು, ಆಕಾರ ಎಂಬ ಶಬ್ದಗಳು ಆಗಿನಿಂದ ನಮ್ಮ ಜನರ ಬಾಯಲ್ಲಿ ಕೂತವು. ಆದರೆ ಸರಕಾರಕ್ಕೆ ಬೇಕಾಗಿದ್ದದ್ದು ತೆರಿಗೆ ಕೊಡುವವನ ಹೆಸರು ಮಾತ್ರ. ಹೊಲ ನಿಜಕ್ಕೂ ಯಾರದು, ಅದರ ಮೇಲೆ ಯಾರ ಯಾರ ಹಕ್ಕು ಇದೆ ಎಂದು ಬರೆದಿಡುವ ಕಾನೂನು ಮುಂಬಯಿ ಇಲಾಖೆಯಲ್ಲಿ ಬಂದದ್ದು 1903ರಲ್ಲಿ. ಹಕ್ಕುಗಳ ದಾಖಲೆ, ಹಕ್ಕು ಬದಲಾದರೆ ಫೇರಫಾರ ಪುಸ್ತಕ, ಎಲ್ಲ ಅದರಿಂದ ಹುಟ್ಟಿದವು. ಕುಂದಗೋಳದ ಜನ ಮಾತ್ರ ಈ ಲೆಕ್ಕದಿಂದ ಹೊರಗೆ. ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದರಿಂದ ಅಲ್ಲಿಯ ದಪ್ತರ ಜಮಖಂಡಿಯ ಕಡೆ ಮುಖ ಮಾಡಿತ್ತು. ಸ್ವಾತಂತ್ರ್ಯ ಬಂದು ಸಂಸ್ಥಾನ ವಿಲೀನವಾದ ಮೇಲೆಯೇ ಕುಂದಗೋಳ ಧಾರವಾಡ ಜಿಲ್ಲೆಯೊಳಗೆ ಬಂತು.

ಫೇರಫಾರದ ಪದ್ಧತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊಲ ಕೊಂಡವನು, ವಾರಸಾ ಬಂದವನು, ಊರ ಲೆಕ್ಕದವನಿಗೆ ತಿಳಿಸಬೇಕು. ಅವನು ಪುಸ್ತಕದಲ್ಲಿ ಬರೆದು, ಅದರ ಪ್ರತಿಯನ್ನು ಚಾವಡಿಯಲ್ಲಿ ಎಲ್ಲರಿಗೆ ಕಾಣುವಂತೆ ಅಂಟಿಸಬೇಕು, ಹಕ್ಕುದಾರರಿಗೆಲ್ಲ ನೋಟೀಸು ಕೊಡಬೇಕು. ತಕರಾರು ಬಂದರೆ ಅದಕ್ಕೆ ಬೇರೆ ಪುಸ್ತಕ. ತಕರಾರು ಇಲ್ಲದಿದ್ದರೆ ಮಾಮಲೇದಾರ ಕಚೇರಿಯ ಮೇಲಧಿಕಾರಿ ಬಂದು ನೋಡಿ ಸಹಿ ಹಾಕಿದ ಮೇಲೆಯೇ ಅದು ನಿಜವಾದ ದಾಖಲೆ. ಅಂದರೆ ಬರೆಯುವವನು ಒಬ್ಬ, ಒಪ್ಪುವವನು ಇನ್ನೊಬ್ಬ, ನಡುವೆ ಊರಿನ ಕಣ್ಣು. ಒಂದು ಬಾಗಿಲಿಗೆ ಎರಡು ಕೀಲಿ ಹಾಕಿ, ಎರಡು ಕೀಲಿಕೈಗಳನ್ನು ಇಬ್ಬರ ಹತ್ತಿರ ಕೊಟ್ಟಂತೆ. ಇವತ್ತು ಬ್ಯಾಂಕಿನಲ್ಲಿ ಒಬ್ಬರು ಒತ್ತಿದ್ದನ್ನು ಮತ್ತೊಬ್ಬರು ಪಾಸು ಮಾಡಬೇಕು ಎಂಬ ನಿಯಮ ಇದೆಯಲ್ಲ, ಅದೇ ಇದು. ಕಾಗದದ ಮೇಲೆ ಬಹಳ ಚಂದದ ವ್ಯವಸ್ಥೆ.

ಚಾವಡಿಗೆ ಹೋಗಿ ಗೋಡೆ ಓದುವವರು ಯಾರು ಎಂಬುದೊಂದೇ ಅದರ ತೊಡಕು. ಚಾವಡಿಯ ಕಟ್ಟೆ ಏರುವ ಹೆಂಗಸು ಆಗ ಎಲ್ಲಿದ್ದಳು?

1950ರ ಮುಂಬಯಿ ಕಾಯದೆ ಕುಲಕರ್ಣಿ ವತನವನ್ನು ತೆಗೆದುಹಾಕಿತು. ಅವರ ಜಾಗದಲ್ಲಿ ಸಂಬಳದ ತಲಾಠಿ ಬಂದ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರ ಕಾಯದೆಯಿಂದ ಉಳಿದ ಗ್ರಾಮಾಧಿಕಾರಗಳ ವಂಶಪಾರಂಪರ್ಯವೂ ಹೋಯಿತು, 1964ರ ಭೂಕಂದಾಯ ಕಾಯದೆ ಇಡೀ ರಾಜ್ಯಕ್ಕೆ ಒಂದೇ ನಮೂನೆ ತಂದಿತು. ಸರಕಾರಿ ಕಾಗದದಲ್ಲಿ ಅವನು ಗ್ರಾಮ ಲೆಕ್ಕಿಗನಾದ, ಈಗ ಗ್ರಾಮ ಆಡಳಿತ ಅಧಿಕಾರಿ. ನಮ್ಮ ಕಡೆಯ ಮಂದಿ ಮಾತ್ರ ಇನ್ನೂ ತಲಾಠಿ ಅಂತಲೇ ಕರೆಯುತ್ತಾರೆ. ವಂಶ ಹೋಯಿತು, ದಪ್ತರ ಹಾಗೇ ಉಳಿಯಿತು. ಮೂರು ನಾಲ್ಕು ಊರಿಗೆ ಒಬ್ಬ ತಲಾಠಿ, ಅವನ ಬಗಲಲ್ಲಿ ಗಂಟು. ಬೈಂಡು ಕಿತ್ತ ಪುಸ್ತಕ, ಶಾಯಿ ಪೆನ್ನು, ಎದುರಿಗೆ ಕೂತು ಚಹಾ ಕುಡಿಸುವ ಊರ ದೊಡ್ಡವರು. ರಾತ್ರಿ ಒಂದು ಹೆಸರಿಗೆ ಕಂಸ ಹಾಕಿದರೆ ಬೆಳಗಾಗುವುದರೊಳಗೆ ಒಬ್ಬನ ಹೊಲ ಇನ್ನೊಬ್ಬನದು. ಎಲ್ಲ ತಲಾಠಿಗಳೂ ಹಾಗೆ ಮಾಡಿದರು ಎಂದು ನಾನು ಹೇಳುವುದಿಲ್ಲ. ಮಳೆ ಚಳಿ ಎನ್ನದೆ ಎರಿಹೊಲದ ಕೆಸರಿನಲ್ಲಿ ನಡೆದು ಬೆಳೆ ಬರೆದುಕೊಂಡ ಪ್ರಾಮಾಣಿಕರನ್ನೂ ಕಂಡಿದ್ದೇನೆ. ಆದರೆ ಮಾಡುವುದಕ್ಕೆ ಆಸ್ಪದ ಇತ್ತು, ಮಾಡಿದರೆ ಯಾರು ಯಾವಾಗ ಮಾಡಿದರು ಎಂದು ಹೇಳುವ ಸಾಕ್ಷಿ ಇರಲಿಲ್ಲ.

ನನ್ನ ದೊಡ್ಡವ್ವನ ಸಂಗತಿ ಹೇಳಿದರೆ ತಿಳಿದೀತು. ಗಂಡ ತೀರಿಕೊಂಡಾಗ ಆಕೆಗೆ ಮೂವತ್ತೆಂಟು ವರ್ಷ. 1956ರ ಹಿಂದೂ ಉತ್ತರಾಧಿಕಾರ ಕಾಯದೆಯ ಪ್ರಕಾರ ವಿಧವೆ ಮೊದಲ ವರ್ಗದ ವಾರಸುದಾರಳು. ಆದರೆ ಉತಾರದಲ್ಲಿ ಒಂಬತ್ತನೆಯ ಕಾಲಂ ಇದೆಯಲ್ಲ, ಮಾಲಕರ ಹೆಸರಿನದು, ಅಲ್ಲಿ ಮೈದುನರ ಹೆಸರು ಬಿತ್ತು. ದೊಡ್ಡವ್ವನ ಹೆಸರು ಹನ್ನೊಂದನೆಯ ಕಾಲಮ್ಮಿನಲ್ಲಿ, ಇತರೇ ಹಕ್ಕು ಎಂಬಲ್ಲಿ, ಸಾಲಸೋಲಗಳ ಸಾಲಿನಲ್ಲಿ ಕೂತಿತು. ಅನ್ನ ವಸ್ತ್ರದ ಹಕ್ಕು, ಅಷ್ಟೇ. ವಾರಸಾ ಬರೆದ ದಿನ ಚಾವಡಿಗೆ ಆಕೆಯನ್ನು ಯಾರೂ ಕರೆಯಲಿಲ್ಲ, ಆಕೆ ಹೋಗುವ ಸ್ಥಿತಿಯಲ್ಲಿಯೂ ಇರಲಿಲ್ಲ, ಮೂಲೆ ಹಿಡಿದು ಕೂತಿದ್ದಳು. ಎಷ್ಟೋ ವರ್ಷದ ಮೇಲೆ ಸೊಸೈಟಿಯ ಸಾಲದ ಸಲುವಾಗಿ ಉತಾರ ತೆಗೆಸಿದಾಗ ನಾನು ಓದಿ ಹೇಳಿದೆ.

"ನನ್ನ ಹೆಸರು ಎಲ್ಲೈತಿ, ಬಟ್ಟಿಟ್ಟು ತೋರ್ಸು" ಅಂದಳು.

ತೋರಿಸಿದೆ. ಆ ಅಕ್ಷರದ ಮೇಲೆ ತನ್ನ ಬೆರಳಿಟ್ಟುಕೊಂಡು ಸುಮ್ಮನೆ ಕೂತಳು. ಆಮೇಲೆ "ಮ್ಯಾಲಿನ ಮನ್ಯಾಗ ಯಾಕ ಬರದಿಲ್ಲ?" ಎಂದು ಕೇಳಿದಳು. ಕಾಲಮ್ಮಿಗೆ ಆಕೆ ಮನೆ ಎಂದಳು. ಅದನ್ನು ಸರಿಪಡಿಸಿಕೊಳ್ಳುವುದಕ್ಕೆ ಉಪವಿಭಾಗಾಧಿಕಾರಿಗಳ ಕೋರ್ಟಿಗೆ ಅಪೀಲು ಹೋಗಬೇಕಾಯಿತು. ಎರಡು ವರ್ಷ, ಲೆಕ್ಕವಿಲ್ಲದ ಬಸ್ ಚಾರ್ಜು. ಹೆಸರು ಮೇಲೆ ಬಂದಾಗ ಆಕೆಗೆ ಅರವತ್ತು ದಾಟಿತ್ತು.

ಇಂಥ ಹೊತ್ತಿನಲ್ಲಿ ಭೂಮಿ ಯೋಜನೆ ಬಂತು. ಇದರ ಇತಿಹಾಸ ನಮ್ಮ ರಾಜ್ಯದ ಹೆಮ್ಮೆಯದು, ವಿಸ್ತಾರವಾಗಿ ಹೇಳುವಂಥದು. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳುತನದಲ್ಲಿ, ಕೇಂದ್ರದ ಎನ್‌ಐಸಿಯವರು ಬರೆದ ತಂತ್ರಾಂಶದಿಂದ, ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳನ್ನು ಕಂಪ್ಯೂಟರಿಗೆ ಏರಿಸಿದರು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಮೊದಲು ಪ್ರಯೋಗ ನಡೆಯಿತು. 2002ರ ಹೊತ್ತಿಗೆ ಆಗಿನ 177 ತಾಲೂಕುಗಳಲ್ಲಿಯೂ ಕೇಂದ್ರಗಳು ತೆರೆದಿದ್ದವು. 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ. ಕಿಟಕಿಯಲ್ಲಿ ಎರಡು ಪರದೆ ಇಟ್ಟಿದ್ದರು. ಒಂದು ಒಳಗೆ ಕೂತವನಿಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ ತಿರುಗಿಸಿದ್ದು. ಒಳಗಿನವನು ಏನು ಒತ್ತುತ್ತಾನೆ ಎಂಬುದು ಹೊರಗಿನವನಿಗೂ ಕಾಣಬೇಕು. ಇದನ್ನು ಯೋಚಿಸಿದವರು ಯಾರೋ, ಅವರಿಗೆ ನನ್ನ ನಮಸ್ಕಾರ. ಕೈಬರಹದ ಉತಾರ ಇನ್ನು ನಡೆಯುವುದಿಲ್ಲ ಎಂದು ಸರಕಾರ ಹೇಳಿದ ದಿನ ತಲಾಠಿಯ ಬಗಲ ಗಂಟಿನ ಕಾಲ ಮುಗಿಯಿತು.

ಕಂಪ್ಯೂಟರಿಗೆ ಏರಿಸಿದ ಮೇಲೆ ಅದನ್ನು ಕಾಯುವುದು ಹೇಗೆ? ಪಾಸ್‌ವರ್ಡ್ ಎಂದರೆ ನಮ್ಮ ಕಚೇರಿಗಳಲ್ಲಿ ಏನಾಗುತ್ತದೆ ಎಂಬುದು ನಿಮಗೆ ಗೊತ್ತಿರುವುದೇ. ಕಂಪ್ಯೂಟರಿನ ಪಕ್ಕದ ಗೋಡೆಗೆ ಬಿಳಿ ಚೀಟಿಯಲ್ಲಿ ಬರೆದು ಅಂಟಿಸಿರುತ್ತಾರೆ, ಕೆಳಗೆ ಶ್ರೀ ಗಣಪತಿಯ ಕ್ಯಾಲೆಂಡರು. ಹೇಳಿದರೆ ಹೋಯಿತು, ನೋಡಿದರೆ ಹೋಯಿತು. ಭೂಮಿಯವರು ಅದಕ್ಕೆ ಬೆರಳಚ್ಚು ಆರಿಸಿಕೊಂಡರು. ಕೆಲಸಕ್ಕೆ ಕೂಡುವ ನೌಕರ ಮೊದಲು ಯಂತ್ರದ ಮೇಲೆ ಬೆರಳಿಡಬೇಕು. ಇವನು ಇಂಥವನೇ ಎಂದು ಗುರುತಾದ ಮೇಲೆ ಅವನಿಗೆ ಎಷ್ಟು ಬಾಗಿಲು ತೆರೆಯಬೇಕೋ ಅಷ್ಟೇ ತೆರೆಯುತ್ತದೆ. ಅರ್ಜಿ ತೆಗೆದುಕೊಳ್ಳುವವನು ತೆಗೆದುಕೊಳ್ಳಬಹುದು, ಒಪ್ಪಲಾರ. ಒಪ್ಪುವವನು ಕಂದಾಯ ನಿರೀಕ್ಷಕ, ಅದೂ ಆಗ ನೋಟೀಸು ಕೊಟ್ಟು 30 ದಿನ ಕಾಯಬೇಕಿತ್ತು. ಅರ್ಜಿಗಳು ಬಂದ ಸರತಿಯಲ್ಲಿಯೇ ಮುಂದಕ್ಕೆ ಹೋಗಬೇಕು. ಬೇಕಾದವರದನ್ನು ಮೇಲೆ ಎತ್ತಿ, ಬೇಡವಾದವರದನ್ನು ಕೆಳಗೆ ಒತ್ತುವಂತಿಲ್ಲ. ಯಾರು ಯಾವ ದಿನ ಎಷ್ಟು ಗಂಟೆಗೆ ಏನು ಬದಲಾಯಿಸಿದರು ಎಂಬುದನ್ನು ಯಂತ್ರ ತನ್ನಷ್ಟಕ್ಕೆ ಬರೆದುಕೊಳ್ಳುತ್ತದೆ. ಕಲ್ಲಿನ ಮೇಲಿನ ಉಳಿಯ ಗಾಯ ಮತ್ತೆ ಬಂದಂತಾಯಿತು.

ಶಾಲೆಯಲ್ಲಿಯೂ ಈಗ ಇದೇ ನಡೆದಿದೆ. ಮಕ್ಕಳ ವಿವರ ಎಲ್ಲ ಎಸ್‌ಎಟಿಎಸ್ ಎಂಬ ಜಾಲತಾಣದಲ್ಲಿ. ಮುಖ್ಯೋಪಾಧ್ಯಾಯರ ಲಾಗಿನ್ ಬೇರೆ, ಬಿಇಓ ಕಚೇರಿಯದು ಬೇರೆ. ಒಂದು ಮಗುವಿನ ಜನ್ಮದಿನಾಂಕ ತಿದ್ದಬೇಕೆಂದರೆ ತರಗತಿ ಶಿಕ್ಷಕಿ ತಾನೇ ಒತ್ತಿಬಿಡುವ ಹಾಗಿಲ್ಲ. ಮೊದಮೊದಲು ನಮಗೆ ಇದು ಅಪನಂಬಿಕೆಯಂತೆ ಕಂಡು ಸಿಟ್ಟು ಬರುತ್ತಿತ್ತು. ದೊಡ್ಡವ್ವನ ಹನ್ನೊಂದನೆಯ ಕಾಲಮ್ಮು ನೆನಪಾದರೆ ಸಿಟ್ಟು ಇಳಿಯುತ್ತದೆ.

ಆದರೆ ಭೂಮಿಯ ಕೀಲಿಗೂ ಒಂದು ಮಿತಿ ಇತ್ತು, ಅದನ್ನು ಹೊಗಳುವವರು ಬಹಳ ಸಲ ಹೇಳದೆ ಬಿಡುತ್ತಾರೆ. ಹಳೆಯ ಪುಸ್ತಕದಲ್ಲಿ ಏನಿತ್ತೋ ಅದನ್ನೇ ಕಂಪ್ಯೂಟರಿಗೆ ಏರಿಸಿದರು. ಸರಿಯಾದದ್ದೂ ಏರಿತು, ತಪ್ಪೂ ಏರಿತು, ರಾತ್ರಿ ಹಾಕಿದ ಕಂಸವೂ ಏರಿತು. ಕೀಲಿಗೆ ಒಳಗಿರುವುದು ಮನೆಯ ಧಾನ್ಯವೋ ಕದ್ದ ಧಾನ್ಯವೋ ಗೊತ್ತಾಗುವುದಿಲ್ಲ. ಮೊದಲು ತಲಾಠಿಯ ಕೈ ಹಿಡಿದೋ ಜಗಳ ತೆಗೆದೋ ತಿದ್ದಿಸಿಕೊಳ್ಳುತ್ತಿದ್ದ ತಪ್ಪಿಗೆ ಈಗ ಬೆರಳಚ್ಚಿನ ಕಾವಲು. ಎಷ್ಟೋ ಹೆಣ್ಣುಮಕ್ಕಳ ಹೆಸರು ಹೀಗೆ ಹೊರಗೇ ಉಳಿಯಿತು.

ಹೆಸರು ಒಳಗೆ ಬರಬೇಕು ಎಂದು ಕಾನೂನು ಆಗಲೇ ಹೇಳಿತ್ತಲ್ಲ. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮೊದಲು ಲಗ್ನವಾದವರನ್ನು ಬಿಟ್ಟು. ಆಮೇಲೆ ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಆ ಭೇದವನ್ನೂ ತೆಗೆಯಿತು. ಅಪ್ಪ ಆ ದಿನ ಬದುಕಿರಲಿ ಇಲ್ಲದಿರಲಿ ಹಕ್ಕು ಉಂಟು ಎಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಹೇಳಿತು. ಇಷ್ಟೆಲ್ಲ ಇದ್ದೂ ನಮ್ಮ ಕಡೆ ಏನು ನಡೆಯುತ್ತದೆ? ಪಂಚಮಿಗೆ ತವರಿಗೆ ಬಂದ ತಂಗಿಗೆ ಅಣ್ಣ ಸೀರೆ ಕೊಡಿಸುತ್ತಾನೆ, ಅತ್ತಿಗೆ ಉಡಿ ತುಂಬುತ್ತಾಳೆ, ಮರುದಿನ ಸಬ್‌ರಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾನೆ. ತವರಿನ ಬಾಗಿಲು ತೆರೆದಿರಬೇಕೆಂದರೆ ಹೊಲದ ಬಾಗಿಲು ಮುಚ್ಚಿಕೊಳ್ಳಬೇಕು. ಓದಿದ ಹೆಣ್ಣುಮಕ್ಕಳು ಸಹಿ ಮಾಡುತ್ತಾರೆ, ಓದದವರು ಬೆರಳು ಒತ್ತುತ್ತಾರೆ. ಅಷ್ಟೇ ವ್ಯತ್ಯಾಸ.

ಈ ಹೆಬ್ಬೆಟ್ಟಿನ ಕಥೆಯೇ ಬೇರೆ. 1858ರಲ್ಲಿ ಬಂಗಾಲದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ, ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರು ಪತ್ರದ ಹಿಂದೆ ಒತ್ತಿಸಿಕೊಂಡ. ನಾಳೆ ಇದು ನನ್ನ ಸಹಿ ಅಲ್ಲ ಎನ್ನದಿರಲಿ ಎಂದು. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ಆಯಿತು. ಅಲ್ಲಿ ಬೆರಳಿನ ಗೆರೆಗಳನ್ನು ವಿಂಗಡಿಸುವ ಲೆಕ್ಕವನ್ನು ಕಟ್ಟಿದವರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ನಮ್ಮವರಿಬ್ಬರು ಇದ್ದರು. ಜಗತ್ತಿಗೆಲ್ಲ ಹೋದ ವಿದ್ಯೆ ನಮ್ಮ ದೇಶದ ಕರಾರು ಪತ್ರದಿಂದ ಹೊರಟದ್ದು. ಅಕ್ಷರ ಬಾರದವರನ್ನು ನಾವು ಹೆಬ್ಬೆಟ್ಟು ಎಂದು ಹೀಯಾಳಿಸುತ್ತಿದ್ದೆವು. 2001ರಲ್ಲಿ ನೋಂದಣಿ ಕಾಯದೆಗೆ ಬಂದ ತಿದ್ದುಪಡಿ ಎಲ್ಲರನ್ನೂ ಹೆಬ್ಬೆಟ್ಟು ಮಾಡಿತು. ಆಸ್ತಿ ಕೊಡುವವರು ಕೊಳ್ಳುವವರು ಇಬ್ಬರೂ, ಎಷ್ಟೇ ಓದಿದವರಿರಲಿ, ಫೋಟೋ ಅಂಟಿಸಿ ಬೆರಳಚ್ಚು ಒತ್ತಬೇಕು. ಅತ್ತ ಭೂಮಿಯ ಕಚೇರಿಯಲ್ಲಿ ನೌಕರನ ಬೆರಳು ಕೀಲಿಕೈ. ಇತ್ತ ನೋಂದಣಿ ಕಚೇರಿಯಲ್ಲಿ ನಮ್ಮ ಬೆರಳು ಸಾಕ್ಷಿ. ಆಮೇಲೆ ಆಧಾರ್ ಬಂತು. ಆಗ ಆ ಬೆರಳೇ ಬ್ಯಾಂಕಿನ ಕೀಲಿಕೈಯೂ ಆಯಿತು. ಹಳ್ಳಿಯ ಅಂಗಡಿಯಲ್ಲಿ ಬ್ಯಾಂಕ್ ಮಿತ್ರ ಇಟ್ಟುಕೊಂಡ ಸಣ್ಣ ಯಂತ್ರದ ಮೇಲೆ ಬೆರಳಿಟ್ಟು, ಆಧಾರ್ ನಂಬರು ಹೇಳಿದರೆ ಸಾಕು, ಒಂದು ಸಲಕ್ಕೆ 10 ಸಾವಿರದವರೆಗೆ ರೊಕ್ಕ ಬರುತ್ತದೆ. ಓಟಿಪಿ ಬೇಡ, ಪಾಸ್‌ಬುಕ್ ಬೇಡ. ಪೇಟೆಗೆ ಹೋಗಲಾರದ ಮುದುಕಿಯರಿಗೆ ಇದು ದೊಡ್ಡ ಉಪಕಾರ.

ಈ ಮೂರೂ ಒಂದಕ್ಕೊಂದು ಗೊತ್ತಿಲ್ಲದೆ ಬೆಳೆದವು. ಅನಾಹುತ ಆದದ್ದು ಅಲ್ಲಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಹೊಸ ಆವೃತ್ತಿ 2023ರಲ್ಲಿ ಬಂತು. ಕಚೇರಿಗೆ ಅಲೆಯದೆ ಮನೆಯಲ್ಲಿ ಕೂತು ಋಣಭಾರ ಪತ್ರ ತೆಗೆಯಬಹುದು, ಖರೀದಿ ಪತ್ರದ ನಕಲು ಇಳಿಸಿಕೊಳ್ಳಬಹುದು. ಜನಕ್ಕೆ ಅನುಕೂಲವೇ. ಆದರೆ ಆ ನಕಲಿನಲ್ಲಿ ಬೆರಳಚ್ಚೂ ಇತ್ತು, ಆಧಾರ್ ನಂಬರೂ ಇರುತ್ತಿತ್ತು. ಅದೇ ವರ್ಷ ಬೆಂಗಳೂರು, ಮಂಗಳೂರು ಕಡೆ ಜನರ ಖಾತೆಯಿಂದ ಅವರಿಗೆ ತಿಳಿಯದಂತೆ ರೊಕ್ಕ ಹೋಗತೊಡಗಿತು. ಇತ್ತೀಚೆಗೆ ಆಸ್ತಿ ನೋಂದಣಿ ಮಾಡಿಸಿದವರೇ ಅವರಲ್ಲಿ ಬಹಳ ಮಂದಿ. ಕಳ್ಳರು ಜಾಲತಾಣದಿಂದ ಪತ್ರ ಇಳಿಸಿಕೊಂಡು, ಅದರ ಮೇಲಿನ ಬೆರಳಚ್ಚಿನ ನಕಲು ಅಚ್ಚು ಮಾಡಿ, ಸಣ್ಣ ಯಂತ್ರದ ಮೇಲೆ ಒತ್ತಿ ರೊಕ್ಕ ತೆಗೆದಿದ್ದರು. ಅಕ್ಟೋಬರಿನಲ್ಲಿ ಪೊಲೀಸರು ಕೆಲವರನ್ನು ಹಿಡಿದರು. ಆಮೇಲೆ ಪತ್ರಗಳ ನಕಲಿನಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಏರ್ಪಾಡು ಆಯಿತು.

ಇಲ್ಲಿ ಯಾರೂ ಕೀಲಿ ಒಡೆಯಲಿಲ್ಲ ಎಂಬುದನ್ನು ಗಮನಿಸಬೇಕು. ಬಾಗಿಲು ತೆರೆದೇ ಇತ್ತು, ಕಾನೂನು ಪ್ರಕಾರವೇ ತೆರೆದಿತ್ತು. ಖರೀದಿ ಪತ್ರ ಎಲ್ಲರೂ ನೋಡಬಹುದಾದ ದಾಖಲೆ. ಯಾರದೋ ಹೊಲವನ್ನು ಮತ್ತೆ ಯಾರೋ ಮಾರಬಾರದೆಂದರೆ ಅದು ಬಯಲಲ್ಲೇ ಇರಬೇಕು. ಶಾಸನದ ಕಲ್ಲು ಬಯಲಲ್ಲಿ ಇದ್ದ ಹಾಗೆ. ಆದರೆ ಶಾಸನದ ಕಲ್ಲಿನ ಮೇಲೆ ದಾನ ಕೊಟ್ಟವನ ಉಗ್ರಾಣದ ಕೀಲಿಕೈ ತೂಗುಹಾಕಿರಲಿಲ್ಲ. ಪತ್ರ ನೋಡಬಹುದು ಎಂದರೆ ಪತ್ರದಲ್ಲಿ ಇರುವುದನ್ನೆಲ್ಲ ನೋಡಬಹುದು ಎಂದೇ? ಯಾವ ಸಾಲು ಎಲ್ಲರಿಗೆ, ಯಾವ ಸಾಲು ಅಧಿಕಾರಿಗೆ ಮಾತ್ರ, ಯಾವ ಸಾಲು ಯಾರಿಗೂ ಬೇಡ ಎಂಬುದನ್ನು ಸಾಲು ಸಾಲಾಗಿ ವಿಂಗಡಿಸಬೇಕಿತ್ತು. ಕಿರಿಸೊಸೆಗೆ ಬಾಗಿಲಲ್ಲಿ ನಿಂತು ಜೋಳ ಅಳೆದುಕೊಡುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಹೇಳಿಕೊಡಬೇಕಾಗಿರಲಿಲ್ಲ. ಪಾಸ್‌ವರ್ಡ್ ಆದರೆ ಬದಲಿಸಬಹುದು. ಬೆರಳು ಕಳುವಾದರೆ ಹೊಸ ಬೆರಳು ಎಲ್ಲಿಂದ ತರುವುದು?

ಅದಾಗಿ ವರ್ಷ ದಾಟಿದ ಮೇಲೆ ಇನ್ನೊಂದು ಬಗೆಯ ಕಾಟ. 2025ರ ಆರಂಭದಲ್ಲಿ ಕಾವೇರಿ ಜಾಲತಾಣಕ್ಕೆ ಸುಳ್ಳು ಖಾತೆಗಳಿಂದ ಲಕ್ಷಗಟ್ಟಲೆ ಸುಳ್ಳು ಕೋರಿಕೆ ಕಳಿಸಿ ಉಸಿರುಗಟ್ಟಿಸಿದರು. ಒಳಗೆ ಬರುವ ಉದ್ದೇಶವಿಲ್ಲ, ಬಾಗಿಲಲ್ಲಿ ಸುಮ್ಮನೆ ಗುಂಪು ಕಟ್ಟಿ ನಿಂತು ಬೇರೆಯವರು ಬಾರದಂತೆ ಮಾಡುವುದು. ಫೆಬ್ರವರಿಯ ಮೊದಲ ವಾರ ರಾಜ್ಯದ ನೋಂದಣಿ ಕಚೇರಿಗಳ ಮುಂದೆ ಜನ ಬಂದು ಹಾಗೇ ತಿರುಗಿ ಹೋದರು.

ಬೆರಳಿಗೂ ಕೀಲಿ ಹಾಕಬಹುದು ಎಂಬುದು ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಆಧಾರಿನವರ ಜಾಲತಾಣದಲ್ಲಿ, ಅವರ ಮೊಬೈಲ್ ಆ್ಯಪಿನಲ್ಲಿ, ಬಯೋಮೆಟ್ರಿಕ್ ಲಾಕ್ ಎಂದು ಇದೆ. ಒಮ್ಮೆ ಹಾಕಿದರೆ ನಿಮ್ಮ ಬೆರಳನ್ನು ನೀವೇ ಒತ್ತಿದರೂ ಯಂತ್ರ ಒಪ್ಪುವುದಿಲ್ಲ, ಕಳ್ಳನ ಅಚ್ಚನ್ನಂತೂ ಒಪ್ಪುವುದೇ ಇಲ್ಲ. ಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬಹುದು. ದುಡ್ಡು ಬೀಳುವುದಿಲ್ಲ. ಗೃಹಲಕ್ಷ್ಮಿಯ 2 ಸಾವಿರ ಬರುವ ಖಾತೆ ಇರುವವರು, ಇತ್ತೀಚೆಗೆ ಯಾವುದಾದರೂ ಪತ್ರಕ್ಕೆ ಬೆರಳೊತ್ತಿದವರು ಇದನ್ನು ಅವಶ್ಯ ಮಾಡಿಕೊಳ್ಳಬೇಕು.

ಶಾಲೆಯ ತಾಯಂದಿರ ಸಭೆಯಲ್ಲಿ ನಾನು ಇದನ್ನು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ನಿಂತಳು. ಕೂಲಿ ಮಾಡಿ ಮೂರು ಮಕ್ಕಳನ್ನು ಓದಿಸುವಾಕೆ.

"ಅಕ್ಕೋರ, ಆ ಕೀಲಿ ತಗ್ಯಾಕ ಹಾಕಾಕ ನಂಬರ ಬರತೈತಿ ಅಂದ್ರಲ್ರಿ, ಅದು ಯಾರ ಫೋನಿಗೆ ಬರತೈತ್ರಿ?"

"ಆಧಾರಿಗೆ ಯಾರ ಮೊಬೈಲ್ ನಂಬರು ಕೊಟ್ಟೀರಿ, ಅವರ ಫೋನಿಗೆ" ಅಂದೆ.

"ಹಂಗಾರ ನಮ್ಮನ್ಯಾಗ ಯಜಮಾನ್ರ ಫೋನಿಗೆ ಬರತೈತ್ರಿ. ಅವರು ಗೋವಾಕ್ಕ ದುಡ್ಯಾಕ ಹೋಗ್ಯಾರ. ರೇಷನ್ ತರೂ ದಿನ ಬೆಟ್ಟಿಗೆ ಕೀಲಿ ಇದ್ರ ನಾ ಏನ್ ಮಾಡ್ಲಿ?"

ಸಭೆಯಲ್ಲಿದ್ದವರನ್ನು ಕೈ ಎತ್ತಿಸಿ ಕೇಳಿದೆ. ತಮ್ಮ ಸ್ವಂತ ನಂಬರನ್ನು ಆಧಾರಿಗೆ ಕೊಟ್ಟವರು ಅರ್ಧಕ್ಕಿಂತ ಕಡಿಮೆ. ಉಳಿದವರದೆಲ್ಲ ಗಂಡನದು, ಮಗನದು, ಮೈದುನನದು, ಒಬ್ಬಾಕೆಯದಂತೂ ಊರು ಬಿಟ್ಟುಹೋದ ಕಿರಾಣಿ ಅಂಗಡಿಯವನದು. ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಹನ್ನೊಂದು ಮಂದಿ ಕೂಡಿ ತಾಲೂಕಿನ ಆಧಾರ್ ಕೇಂದ್ರಕ್ಕೆ ಹೋಗುವುದೆಂದು ಮಾತಾಯಿತು. ಒಂದು ಟಂಟಂ ಗೊತ್ತುಮಾಡಿದ್ದಾರೆ, ತಲೆಗೆ ಮೂವತ್ತು ರೂಪಾಯಿ. ಸ್ವಂತ ಫೋನಿಲ್ಲದವರು ನಾಲ್ವರಿದ್ದಾರೆ. ಅವರಲ್ಲಿ ಇಬ್ಬರು ಸಂಘದಿಂದ ಸಾಲ ತೆಗೆದು ಬಟನ್ ಫೋನ್ ಕೊಳ್ಳುವೆವು ಎಂದಿದ್ದಾರೆ, ಇನ್ನಿಬ್ಬರು ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದು ಹೋಗಿದ್ದಾರೆ.